ಸಾಕಿದ ಆಮೆಗೆ ಶಾಖದೀಪ

ಇಂಗ್ಲೆಂಡಿನ ದಕ್ಷಿಣ ಭಾಗದ ಹ್ಯಾಂಪ್‌ಷೈರ್ ಪ್ರಾಂತದಲ್ಲಿ ಸೆಲ್ಬೋರ್ನ್ ಎಂಬ ಹಳ್ಳಿಯುಂಟು. ಹದಿನೆಂಟನೆಯ ಶತಮಾನದಲ್ಲಿ ಅಲ್ಲಿ ಗಿಲ್ಬರ್ಟ್ ವೈಟ್ ಎಂಬ ಪಾದ್ರಿಯೊಬ್ಬನಿದ್ದನು. ಸುತ್ತಲಿನ ಹಕ್ಕಿ, ಹುಳು, ಗಿಡಮರಗಳನ್ನು ದಿನದಿನವೂ ನೋಡಿ ಬರೆದಿಡುವುದು ಅವನಿಗೊಂದು ವ್ಯಸನ. ೧೭೮೯ರಲ್ಲಿ ಪ್ರಕಟವಾದ ಅವನ ಗ್ರಂಥದಲ್ಲಿ ಒಂದು ಮುದಿ ಆಮೆಯ ಸಂಗತಿ ಬರುತ್ತದೆ. ಅದು ಮೆಡಿಟರೇನಿಯನ್ ಸೀಮೆಯ ನೆಲದ ಆಮೆ. ಸೋದರತ್ತೆಯ ಮನೆಯಲ್ಲಿ ಬಹುಕಾಲವಿದ್ದು ೧೭೮೦ರಲ್ಲಿ ಅವನ ಕೈಸೇರಿತು. ಟಿಮೊಥಿ ಎಂದು ಅದಕ್ಕೆ ಗಂಡು ಹೆಸರನ್ನಿಟ್ಟಿದ್ದರು. ಅದು ಹೆಣ್ಣೆಂದು ತಿಳಿದುದು ಅದು ಸತ್ತ ಮೇಲೆ ಚಿಪ್ಪನ್ನು ಪರೀಕ್ಷಿಸಿದಾಗ! ಬೇಸಗೆಯಲ್ಲಿ ಬಿಸಿಲಿಗೆ ಅಂಜಿ ಎಲೆಯ ಮರೆ ಹುಡುಕುವ ಈ ಪ್ರಾಣಿ, ಚಳಿಗಾಲ ಸಮೀಪಿಸುತ್ತಲೇ ಗೋಡೆಯ ಬುಡಕ್ಕೆ ಬಂದು, ಚಿಪ್ಪನ್ನು ಗೋಡೆಗೆ ಓರೆಯಾಗಿ ಆನಿಸಿಕೊಂಡು ನಿಲ್ಲುತ್ತಿತ್ತೆಂದು ವೈಟ್ ಗಮನಿಸಿದನು. ಓರೆಯಾದ ತಲವು ಹೆಚ್ಚು ಶಾಖವನ್ನು ಪಡೆಯುತ್ತದೆಂಬ ಪಾಠವನ್ನು ಅದು ಎಲ್ಲಿಯೂ ಓದಿರಲಿಲ್ಲವಲ್ಲ ಎಂದು ಅವನಿಗೆ ವಿನೋದ.

ಆಮೆಯ ಲೆಕ್ಕ ಸರಿಯೇ ಎಂದು ನಾವು ನೋಡಬಹುದು. ಸೆಲ್ಬೋರ್ನಿನ ಅಕ್ಷಾಂಶ ಸುಮಾರು ೫೧ ಡಿಗ್ರಿ. ಅಕ್ಟೋಬರ್ ಕೊನೆಯಲ್ಲಿ ಅಲ್ಲಿ ಮಧ್ಯಾಹ್ನದ ಸೂರ್ಯನು ಕ್ಷಿತಿಜದಿಂದ ೨೫ ಡಿಗ್ರಿಗಳಷ್ಟು ಮಾತ್ರ ಏರಿರುತ್ತಾನೆ. ಮಟ್ಟಸವಾದ ನೆಲದ ಮೇಲೆ ಬೀಳುವ ಶಾಖವು ಈ ಕೋನದ ಸೈನ್ ಬೆಲೆಯನ್ನು, ಎಂದರೆ ೦.೪೨ನ್ನು, ಅನುಸರಿಸುತ್ತದೆ. ತಲವನ್ನು ಸೂರ್ಯನ ಕಡೆಗೆ ೪೦ ಡಿಗ್ರಿ ಓರೆಮಾಡಿದರೆ ಕೋನವು ೬೫ ಡಿಗ್ರಿಯಾಗಿ ಸೈನ್ ಬೆಲೆ ೦.೯೧ಕ್ಕೆ ಏರುವುದು. ಒಂದು ಹೆಜ್ಜೆಯನ್ನೂ ಹೆಚ್ಚಾಗಿ ಇಡದೆ ಆಮೆಯು ತನ್ನ ಬೆನ್ನಿನ ಮೇಲಣ ಬಿಸಿಲನ್ನು ಇಮ್ಮಡಿಗಿಂತ ಹೆಚ್ಚು ಮಾಡಿಕೊಂಡಿತು.

ಬಿಸಿಲಿಗಾಗಿ ಇಷ್ಟು ಉಪಾಯ ಹೂಡುವ ಪ್ರಾಣಿಯನ್ನು ಬಿಸಿಲಿಲ್ಲದ ಕೋಣೆಯೊಳಗೆ ಸಾಕುವುದಾದರೆ ಏನು ಮಾಡಬೇಕು? ಬ್ರಿಟನ್, ಜರ್ಮನಿ ಮೊದಲಾದ ದೇಶಗಳಲ್ಲಿ ಇದು ಸಾವಿರಾರು ಮನೆಗಳ ಪ್ರಶ್ನೆ. ನನ್ನ ಹಳೆಯ ವಿದ್ಯಾರ್ಥಿಯೊಬ್ಬರು ಈಗ ಇಂಗ್ಲೆಂಡಿನಲ್ಲಿ ಉದ್ಯೋಗದಲ್ಲಿದ್ದಾರೆ. ಮಗಳ ಹಟಕ್ಕೆ ಮಣಿದು ಹರ್ಮನ್ ಆಮೆಯ ಮರಿಯೊಂದನ್ನು ತಂದ ಅವರು, “ಗುರುಗಳೇ, ಅಂಗಡಿಯಲ್ಲಿ ಹತ್ತು ಬಗೆಯ ಶಾಖದೀಪಗಳಿವೆ, ಎಲ್ಲವೂ ನೂರು ವ್ಯಾಟಿನವೇ, ಯಾವುದನ್ನು ಕೊಳ್ಳಲಿ?” ಎಂದು ಬರೆದು ಕೇಳಿದರು. ಪ್ರಶ್ನೆ ಚಿಕ್ಕದು; ಅದಕ್ಕೆ ಉತ್ತರ ಹೇಳಹೊರಟರೆ ಇಂಟರ್‌ಮೀಡಿಯೆಟ್ ಭೌತಶಾಸ್ತ್ರದ ಶಾಖದ ಪಾಠ ಅರ್ಧದಷ್ಟು ಬೇಕಾಗುತ್ತದೆ.

ಮೊದಲು ಆಮೆಯ ಅವಶ್ಯಕತೆಯೇನೆಂಬುದನ್ನು ತಿಳಿಯೋಣ. ಅದು ಶೀತರಕ್ತ ಪ್ರಾಣಿ. ನಮ್ಮ ದೇಹದಂತೆ ಅದರ ದೇಹವು ಒಳಗೇ ಶಾಖವನ್ನು ಹುಟ್ಟಿಸಿ ಒಂದೇ ಉಷ್ಣತೆಯಲ್ಲಿ ನಿಲ್ಲಲಾರದು. ಮೈ ಕಾಯದಿದ್ದರೆ ಅದಕ್ಕೆ ಹಸಿವಿಲ್ಲ. ತಿಂದದ್ದು ಜೀರ್ಣವಾಗುವುದೂ ಇಲ್ಲ. ಮುಂಜಾನೆ ಬಿಸಿಲು ಕಾಯಿಸಿ, ದೇಹದ ಉಷ್ಣತೆ ೩೦ ಡಿಗ್ರಿ ಸೆಲ್ಸಿಯಸಿನ ಸಮೀಪಕ್ಕೆ ಬಂದ ಮೇಲೆ ಮೇಯಲು ಹೊರಡುತ್ತದೆ. ಮೈ ಹೆಚ್ಚು ಕಾದರೆ ನೆರಳಿಗೆ ಸರಿಯುತ್ತದೆ. ಹೀಗೆ ಬಿಸಿಲಿಗೂ ನೆರಳಿಗೂ ನಡುವೆ ಓಡಾಡುವುದೇ ಅದರ ಉಷ್ಣನಿಯಂತ್ರಣ. ಸೂರ್ಯನಿಂದ ಅದಕ್ಕೆ ದೊರೆಯುವುದು ಮೂರು: ಶಾಖ, ಬೆಳಕು, ಮತ್ತು ಕಣ್ಣಿಗೆ ಕಾಣದ ನೇರಳಾತೀತ ಕಿರಣ. ಅಂಗಡಿಯ ದೀಪಗಳಲ್ಲಿ ಒಂದೊಂದು ಇವುಗಳಲ್ಲಿ ಒಂದನ್ನೋ ಎರಡನ್ನೋ ಕೊಡುತ್ತದೆ. ಮೂರನ್ನೂ ಸೂರ್ಯನ ಪ್ರಮಾಣದಲ್ಲಿಯೇ ಕೊಡುವುದು ಯಾವುದೂ ಇಲ್ಲ.

ವ್ಯಾಟ್ ಎಂಬ ಸಂಖ್ಯೆಯಾದರೋ ಇದಾವುದನ್ನೂ ತಿಳಿಸುವುದಿಲ್ಲ. ದೀಪವು ವಿದ್ಯುತ್ತಿನ ತಂತಿಯಿಂದ ಸೆಕೆಂಡಿಗೆ ಎಷ್ಟು ಶಕ್ತಿಯನ್ನು ಎಳೆದುಕೊಳ್ಳುತ್ತದೆಂಬುದಷ್ಟೆ ಅದರ ಅರ್ಥ. ಆ ಶಕ್ತಿ ಯಾವ ರೂಪದಲ್ಲಿ ಹೊರಬೀಳುತ್ತದೆ, ಎಷ್ಟು ಅಗಲಕ್ಕೆ ಹರಡುತ್ತದೆ, ಆಮೆಯ ಚಿಪ್ಪಿನ ಒಂದು ಚದರ ಸೆಂಟಿಮೀಟರಿಗೆ ಎಷ್ಟು ಬೀಳುತ್ತದೆ ಎಂಬುದನ್ನು ಡಬ್ಬಿಯ ಮೇಲೆ ಅಚ್ಚುಮಾಡಿರುವುದಿಲ್ಲ. ನೂರು ವ್ಯಾಟಿನ ತಂತುದೀಪ, ನೂರು ವ್ಯಾಟಿನ ಪಿಂಗಾಣಿ ಕಾಯಕ, ನೂರು ವ್ಯಾಟಿನ ಪಾದರಸದೀಪ ಇವು ಮೂರೂ ವಿದ್ಯುತ್ ಮಾಪಕದ ಮಟ್ಟಿಗೆ ಒಂದೇ. ಆಮೆಗೆ ಬೇರೆ ಬೇರೆ.

ಈ ಭೇದಕ್ಕೆ ಮೂಲ ವೀನನ ನಿಯಮದಲ್ಲಿದೆ. ಕಾದ ವಸ್ತುವಿನ ವಿಕಿರಣವು ಯಾವ ತರಂಗಾಂತರದಲ್ಲಿ ಅತ್ಯಧಿಕವಾಗಿರುತ್ತದೆಂದು ತಿಳಿಯಬೇಕಾದರೆ, ೨೮೯೮ನ್ನು ಆ ವಸ್ತುವಿನ ಕೆಲ್ವಿನ್ ಉಷ್ಣತೆಯಿಂದ ಭಾಗಿಸಬೇಕು. ಉತ್ತರವು ಮೈಕ್ರೊಮೀಟರುಗಳಲ್ಲಿ ಬರುತ್ತದೆ. ಸೂರ್ಯನ ಮೇಲ್ಮೈ ಸುಮಾರು ೫೮೦೦ ಕೆಲ್ವಿನ್. ಆದುದರಿಂದ ಶಿಖರವು ೦.೫ ಮೈಕ್ರೊಮೀಟರಿನಲ್ಲಿದೆ, ಎಂದರೆ ಕಣ್ಣಿಗೆ ಕಾಣುವ ಬೆಳಕಿನ ನಡುವೆ. ದೀಪದ ಟಂಗ್‌ಸ್ಟನ್ ತಂತುವು ಸುಮಾರು ೨೮೦೦ ಕೆಲ್ವಿನ್. ಶಿಖರ ೧ ಮೈಕ್ರೊಮೀಟರಿನ ಬಳಿ, ಕೆಂಪಿಗೆ ಸ್ವಲ್ಪವೇ ಆಚೆ. ಕತ್ತಲಲ್ಲಿಯೇ ಕಾಯುವ ಪಿಂಗಾಣಿ ಕಾಯಕದ ಮೇಲ್ಮೈ ೩೦೦ ಡಿಗ್ರಿ ಸೆಲ್ಸಿಯಸ್ ಇದ್ದರೆ ಅದು ೫೭೩ ಕೆಲ್ವಿನ್. ಅದರ ಶಿಖರ ೫ ಮೈಕ್ರೊಮೀಟರಿನಲ್ಲಿ. ಇಷ್ಟು ಉದ್ದದ ತರಂಗಗಳು ನೆಲ ಮುಟ್ಟುವ ಬಿಸಿಲಿನಲ್ಲಿ ಇಲ್ಲವೆಂದೇ ಹೇಳಬಹುದು.

ಕಾಣದ ಶಾಖಕಿರಣಗಳೆಲ್ಲಕ್ಕೂ ‘ಅವಕೆಂಪು’ ಎಂಬ ಒಂದೇ ಹೆಸರಿದ್ದರೂ, ಕಿರುತರಂಗದ ಅವಕೆಂಪು ಬೇರೆ, ಉದ್ದತರಂಗದ ಅವಕೆಂಪು ಬೇರೆ. ಇದನ್ನು ಮನೆಯಲ್ಲಿಯೇ ಪರೀಕ್ಷಿಸಬಹುದು. ಹಳೆಯ ಮಾದರಿಯ ತಂತುದೀಪವೊಂದನ್ನು ಹೊತ್ತಿಸಿ, ಒಂದು ಗೇಣು ದೂರದಲ್ಲಿ ಅಂಗೈಯನ್ನು ಹಿಡಿಯಿರಿ. ನಡುವೆ ಕಿಟಕಿಯ ಗಾಜಿನ ತುಂಡೊಂದನ್ನು ತಂದರೂ ಕೈಗೆ ಬಿಸಿ ತಟ್ಟುತ್ತಲೇ ಇರುತ್ತದೆ. ಈಗ ದೀಪದ ಬದಲು ಕಾದ ಇಸ್ತ್ರಿಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿ ಅದೇ ರೀತಿ ನೋಡಿ. ಗಾಜು ಅಡ್ಡಬಂದೊಡನೆ ಬಿಸಿ ತಟಕ್ಕನೆ ನಿಲ್ಲುವುದು. ದೀಪದ ಶಾಖದಲ್ಲಿ ಬಹುಪಾಲು ಗಾಜನ್ನು ತೂರಿ ಬರುತ್ತದೆ. ಇಸ್ತ್ರಿಪೆಟ್ಟಿಗೆಯದನ್ನು ಗಾಜು ತನ್ನ ಮೈಮೇಲೆಯೇ ಹೀರಿಕೊಂಡುಬಿಡುತ್ತದೆ.

ಪ್ರಾಣಿಯ ಮೈಯಲ್ಲಿಯೂ ಇದರಂತೆಯೇ ಒಂದು ಭೇದವುಂಟು. ಕಿರುತರಂಗದ ಶಾಖವು ಚರ್ಮದೊಳಕ್ಕೆ ಕೆಲವು ಮಿಲಿಮೀಟರುಗಳಷ್ಟು ಇಳಿದು ಒಳಗಿನ ಮಾಂಸವನ್ನೂ ರಕ್ತವನ್ನೂ ನೇರವಾಗಿ ಕಾಯಿಸುತ್ತದೆ. ಉದ್ದತರಂಗದ್ದು ಹೊರಪದರದಲ್ಲಿಯೇ, ಮಿಲಿಮೀಟರಿನ ಅಲ್ಪಾಂಶದೊಳಗೆ, ಮುಗಿದುಹೋಗುತ್ತದೆ. ಅಲ್ಲಿಂದ ಒಳಕ್ಕೆ ಸಾಗಬೇಕಾದರೆ ನಿಧಾನವಾದ ವಹನವೊಂದೇ ದಾರಿ. ಪಿಂಗಾಣಿ ಕಾಯಕದ ಕೆಳಗೆ ಕುಳಿತ ಆಮೆಯ ಚಿಪ್ಪಿನ ಮೇಲ್ಭಾಗ ಸುಡುವಷ್ಟಾದರೂ ಒಡಲು ಇನ್ನೂ ತಣ್ಣಗಿರಬಹುದು. ಒಡಲು ಕಾಯುವವರೆಗೆ ಅದು ಅಲ್ಲಿಂದ ಏಳುವುದಿಲ್ಲ. ಹಾಗೆ ಗಂಟೆಗಟ್ಟಲೆ ಕುಳಿತು ಬೆನ್ನು ಸುಟ್ಟುಕೊಂಡ ಆಮೆಗಳು ಅಲ್ಲಿನ ಪಶುವೈದ್ಯರಿಗೆ ಅಪರೂಪವಲ್ಲ. ಆದುದರಿಂದ ಪಿಂಗಾಣಿ ಕಾಯಕವನ್ನು ಸೂರ್ಯನ ಸ್ಥಾನದಲ್ಲಿ ಇಡಬಾರದೆಂದು ನನ್ನ ಅಭಿಪ್ರಾಯ. ಅದು ಕಾದ ಬಂಡೆಗೆ ಸಮಾನ. ಕೋಣೆ ತೀರ ತಣ್ಣಗಾಗುವ ರಾತ್ರಿಗಳಲ್ಲಿ ಗಾಳಿಯನ್ನು ತುಸು ಬೆಚ್ಚಗಿಡಲು ಅದಕ್ಕೆ ಕೆಲಸವುಂಟು.

ಹಗಲಿಗೆ ಬೇಕಾದುದು ಬಿಳಿಯ ತಂತುದೀಪ, ಅದರಲ್ಲಿಯೂ ಹ್ಯಾಲೊಜನ್ ಬಗೆಯದು. ನೋಡಿ, ಒಂದು ಸ್ವಾರಸ್ಯ! ತಂತುದೀಪವು ತಾನು ತಿನ್ನುವ ಶಕ್ತಿಯಲ್ಲಿ ನೂರಕ್ಕೆ ಐದರಿಂದ ಹತ್ತು ಪಾಲನ್ನು ಮಾತ್ರ ಬೆಳಕಾಗಿ ಕೊಡುತ್ತದೆ, ಉಳಿದುದೆಲ್ಲ ಶಾಖ. ಈ ದೋಷಕ್ಕಾಗಿಯೇ ಯೂರೋಪಿನಲ್ಲಿ ೨೦೦೯ರಿಂದ ಅದನ್ನು ಮನೆಬೆಳಕಿನಿಂದ ಹಂತಹಂತವಾಗಿ ತೆಗೆದುಹಾಕತೊಡಗಿದರು. ಮನುಷ್ಯನಿಗೆ ದೋಷವಾದುದು ಆಮೆಗೆ ಗುಣ. ಎಲ್‌ಇಡಿ ದೀಪವು ಒಳ್ಳೆಯ ಬೆಳಕನ್ನು ಕೊಡಬಲ್ಲುದು. ಅದರ ಕಿರಣದಲ್ಲಿ ಮೈ ಕಾಯಿಸುವ ಅವಕೆಂಪು ಇಲ್ಲವೆನ್ನುವಷ್ಟು ಕಡಮೆ. ಕೆಂಪು ಗಾಜಿನ ದೀಪವನ್ನೂ ಮಾರುತ್ತಾರೆ; ಆಮೆಗೆ ಕೆಂಪು ಕಾಣದು, ಆದಕಾರಣ ರಾತ್ರಿಯೆಲ್ಲ ಉರಿಸಬಹುದು ಎಂಬ ಮಾತು ಬಹುಕಾಲ ನಡೆದುಬಂದಿತು. ಅದು ನಿಜವಲ್ಲ. ಆಮೆಗಳ ಕಣ್ಣು ಬಣ್ಣಗಳನ್ನು ಚೆನ್ನಾಗಿ ಗುರುತಿಸುತ್ತದೆ, ಕೆಂಪನ್ನೂ ಸಹ. ರಾತ್ರಿಯೆಂದರೆ ಕತ್ತಲೆಯೇ ಆಗಿರಬೇಕು.

ಇನ್ನು ಎತ್ತರದ ವಿಚಾರ. ದೀಪವನ್ನು ನೆಲದಿಂದ ೪೦ ಸೆಂಟಿಮೀಟರ್ ಮೇಲೆ ತೂಗುಹಾಕಿ, ನೆಲದ ಮೇಲೆ ಉಷ್ಣಮಾಪಕವನ್ನಿಟ್ಟು, ಅದು ೩೫ ಡಿಗ್ರಿ ತೋರಿಸಿತೆಂದು ತೃಪ್ತಿಪಡುವವರಿದ್ದಾರೆ. ಆಮೆಯೋ ಗುಮ್ಮಟದಾಕಾರದ ಪ್ರಾಣಿ. ಚಿಪ್ಪಿನ ನೆತ್ತಿ ೧೫ ಸೆಂಟಿಮೀಟರ್ ಎತ್ತರವಿದ್ದರೆ ಅದಕ್ಕೂ ದೀಪಕ್ಕೂ ಅಂತರ ೨೫ ಸೆಂಟಿಮೀಟರ್ ಮಾತ್ರ. ವಿಲೋಮವರ್ಗ ನಿಯಮವನ್ನು ಹಚ್ಚಿರಿ: ೪೦ರ ವರ್ಗ ೧೬೦೦, ೨೫ರ ವರ್ಗ ೬೨೫, ಭಾಗಿಸಿದರೆ ಎರಡೂವರೆಗೆ ಮಿಕ್ಕಿತು. ನೆಲದ ಮೇಲೆ ಹಿತವಾಗಿದ್ದ ಶಾಖವು ನೆತ್ತಿಯ ಮೇಲೆ ಎರಡೂವರೆ ಪಟ್ಟಾಗಿ ಬೀಳುತ್ತಿದೆ! (ಪ್ರತಿಫಲಕವುಳ್ಳ ದೀಪದಲ್ಲಿ ಕಿರಣಗಳು ಒಂದೇ ಬಿಂದುವಿನಿಂದ ಹರಡುವುದಿಲ್ಲವಾದ್ದರಿಂದ ಈ ನಿಯಮವು ಅಷ್ಟು ಕಟ್ಟುನಿಟ್ಟಾಗಿ ಸಲ್ಲದು, ಎಚ್ಚರಿಕೆ ಮಾತ್ರ ಸಲ್ಲುತ್ತದೆ.) ಸೂರ್ಯನಲ್ಲಿ ಈ ತೊಂದರೆಯಿಲ್ಲ. ಹದಿನೈದು ಕೋಟಿ ಕಿಲೋಮೀಟರ್ ದೂರದಲ್ಲಿರುವವನಿಗೆ ಚಿಪ್ಪಿನ ನೆತ್ತಿಯೂ ಒಂದೇ, ಬುಡವೂ ಒಂದೇ. ನಮ್ಮ ದೀಪವೂ ಸ್ವಲ್ಪಮಟ್ಟಿಗಾದರೂ ಹಾಗಾಗಬೇಕಾದರೆ ಅದನ್ನು ದೂರಕ್ಕೆ ಏರಿಸಬೇಕು. ಏರಿಸಿದ್ದರಿಂದ ಶಾಖ ಸಾಲದೆ ಬಂದರೆ ಹೆಚ್ಚು ವ್ಯಾಟಿನ ದೀಪವನ್ನು ಹಾಕಬೇಕು. ಹತ್ತಿರದ ಸಣ್ಣ ದೀಪಕ್ಕಿಂತ ದೂರದ ದೊಡ್ಡ ದೀಪ ಮೇಲು. ಉಷ್ಣಮಾಪಕವನ್ನು ಇಡಬೇಕಾದುದೂ ನೆಲದ ಮೇಲಲ್ಲ, ಚಿಪ್ಪಿನ ನೆತ್ತಿಯ ಎತ್ತರದಲ್ಲಿ.

ಕಿರಣದ ಅಗಲವೂ ಇಷ್ಟೇ ಮುಖ್ಯ. ಅಂಗಡಿಯ ‘ಸ್ಪಾಟ್’ ದೀಪಗಳಲ್ಲಿ ೧೦ ಡಿಗ್ರಿಯ ಕಿರಿದಾದ ಕಿರಣವುಳ್ಳವು ಇವೆ. ೪೦ ಸೆಂಟಿಮೀಟರ್ ಕೆಳಗೆ ಅದು ಮಾಡುವ ವೃತ್ತದ ವ್ಯಾಸ ಕೇವಲ ೭ ಸೆಂಟಿಮೀಟರ್. ದೊಡ್ಡ ಆಮೆಯೊಂದು ಅದರ ಕೆಳಗೆ ಕುಳಿತರೆ ಬೆನ್ನಿನ ನಡುವೆ ಒಂದು ಅಂಗೈಯಗಲ ಬೆಂದು, ಕಾಲು ತಲೆಗಳು ತಣ್ಣಗೇ ಉಳಿಯುತ್ತವೆ. ೩೮ ಡಿಗ್ರಿ ಕಿರಣದ ದೀಪವು ಅದೇ ಎತ್ತರದಿಂದ ೨೭ ಸೆಂಟಿಮೀಟರಿಗೆ ಮೀರಿದ ವೃತ್ತವನ್ನು ಬೆಳಗುತ್ತದೆ. ಆಮೆಯ ಮೈಯೆಲ್ಲವೂ ಆ ವೃತ್ತದೊಳಗೆ ಅಡಗಬೇಕು. ಆಮೆ ದೊಡ್ಡದಾದರೆ ಎರಡು ದೀಪಗಳನ್ನು ಪಕ್ಕಪಕ್ಕದಲ್ಲಿ ತೂಗುವುದು ಲೇಸು. ಬೆಲೆಯ ದೃಷ್ಟಿಯಿಂದ ನೋಡಿದರೂ ‘ಸರೀಸೃಪಗಳಿಗಾಗಿ’ ಎಂದು ಚಿತ್ರ ಹಾಕಿದ ದೀಪಕ್ಕಿಂತ ಸಾಮಾನ್ಯವಾದ ಅಗಲಕಿರಣದ ಹ್ಯಾಲೊಜನ್ ದೀಪ ಕಡಮೆಗೆ ದೊರೆಯುತ್ತದೆ. ಚಿತ್ರಕ್ಕೆ ಶಾಖವಿಲ್ಲ.

ಶಾಖ ಹೆಚ್ಚಾಯಿತೆಂದು ಮಂದಕವನ್ನು, ರೂಢಿಯಲ್ಲಿ ಡಿಮ್ಮರ್ ಎನ್ನುವುದನ್ನು, ಅಳವಡಿಸಿದರಾಗದೆ ಎಂಬ ಪ್ರಶ್ನೆ ಏಳಬಹುದು. ಆಗುತ್ತದೆ, ಆದರೆ ವಿದ್ಯುತ್ತನ್ನು ತಗ್ಗಿಸಿದಾಗ ತಂತುವಿನ ಉಷ್ಣತೆಯೇ ಇಳಿಯುತ್ತದೆ. ೨೮೦೦ ಕೆಲ್ವಿನ್ ೨೧೦೦ಕ್ಕೆ ಇಳಿದರೆ, ಸ್ಟೆಫಾನನ ನಾಲ್ಕನೆಯ ಘಾತದ ನಿಯಮದಂತೆ ವಿಕಿರಣವು ಮೂರನೆಯ ಒಂದು ಪಾಲಿಗಿಂತಲೂ ಕಡಮೆಯಾಗುತ್ತದೆ; ಅದರೊಡನೆ ಶಿಖರವೂ ೧.೪ ಮೈಕ್ರೊಮೀಟರಿನ ಹತ್ತಿರಕ್ಕೆ ಸರಿಯುತ್ತದೆ. ಬಿಳಿಯ ಬಿಸಿಲು ಕೆಂಡದ ಕಾವಾಗತೊಡಗಿತು. ಸ್ವಲ್ಪ ತಗ್ಗಿಸುವುದು ತಪ್ಪಲ್ಲ. ಬಹಳ ತಗ್ಗಿಸಬೇಕಾಗಿ ಬಂದರೆ ದೀಪವನ್ನೇ ಮೇಲಕ್ಕೆ ಕಟ್ಟುವುದು ಸರಿ.

ದೀಪವು ಗಾಳಿಯನ್ನು ಒಣಗಿಸುತ್ತದೆಂಬುದನ್ನೂ ಮರೆಯಬಾರದು. ಮರಿಯ ಚಿಪ್ಪು ಬೆಳೆಯುವಾಗ ಅದರ ಫಲಕಗಳು ಒಂದೊಂದೂ ಗೋಪುರದಂತೆ ಉಬ್ಬಿಕೊಳ್ಳುವ ವಿಕಾರವೊಂದುಂಟು. ಆಹಾರದಲ್ಲಿ ಪ್ರೋಟೀನು ಹೆಚ್ಚಾದುದೇ ಇದಕ್ಕೆ ಕಾರಣವೆಂದು ಹಲವರು ನಂಬಿದ್ದರು. ೨೦೦೩ರಲ್ಲಿ ವಿಯೆನ್ನದ ಸಂಶೋಧಕರು ಆಫ್ರಿಕದ ಸುಲ್ಕಾಟ ಆಮೆಯ ಮರಿಗಳನ್ನು ಬೇರೆಬೇರೆ ತೇವದಲ್ಲಿ ಬೆಳೆಸಿ ನೋಡಿ, ಪ್ರೋಟೀನಿಗಿಂತ ಒಣಹವೆಯ ಪ್ರಭಾವವೇ ಹೆಚ್ಚೆಂದು ಪ್ರಕಟಿಸಿದರು. ಮರಿಯ ಪೆಟ್ಟಿಗೆಯಲ್ಲಿ ಮಣ್ಣನ್ನು ಅಲ್ಲಲ್ಲಿ ಒದ್ದೆಯಾಗಿಡುವುದೂ ದಿನಕ್ಕೊಮ್ಮೆ ನೀರಿನಲ್ಲಿ ಬಿಡುವುದೂ ದೀಪದ ಆರೈಕೆಯ ಭಾಗವೇ.

ಇಷ್ಟಾದರೂ ಮೂರನೆಯ ಅಂಶ ಉಳಿಯಿತು. ತಂತುದೀಪದ ಕೆಳಗೆ ಬೆಚ್ಚಗೆ ಬೆಳೆದ ಮರಿ ಕೆಲವು ತಿಂಗಳಲ್ಲಿ ಮೆತ್ತನೆಯ ಚಿಪ್ಪಿನದಾಗಿ, ಕಾಲೆಳೆಯುತ್ತ ಸಾಯಬಹುದು. ಇದು ಮಕ್ಕಳಿಗೆ ಬರುವ ರಿಕೆಟ್ಸ್ ರೋಗದ ಬಂಧು. ಮೊದಲನೆಯ ಮಹಾಯುದ್ಧದ ಕೊನೆಯಲ್ಲಿ ಬರ್ಲಿನ್ ನಗರದಲ್ಲಿ ಹಸಿದ ಮಕ್ಕಳನೇಕರಿಗೆ ಈ ರೋಗ ತಗುಲಿತ್ತು. ಕುರ್ಟ್ ಹುಲ್ಡ್‌ಷಿನ್‌ಸ್ಕಿ ಎಂಬ ವೈದ್ಯನು ಅವರಲ್ಲಿ ಕೆಲವರನ್ನು ಪಾದರಸದ ದೀಪದ ಮುಂದೆ ಕೂರಿಸಿದನು. ಮೂಳೆಗಳು ಗಟ್ಟಿಯಾದುವು. ಒಂದು ತೋಳಿಗೆ ಮಾತ್ರ ಬೆಳಕು ತಾಕಿಸಿದರೆ ಇನ್ನೊಂದು ತೋಳೂ ಗುಣವಾಯಿತು. ಎಂದರೆ ಚರ್ಮದಲ್ಲಿ ಹುಟ್ಟಿದ ಯಾವುದೋ ವಸ್ತು ರಕ್ತದೊಡನೆ ಮೈಯೆಲ್ಲ ಹರಿಯುತ್ತಿರಬೇಕು. ಇದನ್ನು ಅವನು ೧೯೧೯ರಲ್ಲಿ ಪ್ರಕಟಿಸಿದನು. ಆ ವಸ್ತುವೇ ಡಿ ಜೀವಸತ್ವ. ಇದಕ್ಕೆ ಮೂಲವಾದ ರಾಸಾಯನಿಕಗಳನ್ನು ಅರಸಿ ತಿಳಿಸಿದ ಅಡಾಲ್ಫ್ ವಿಂಡಾಸನಿಗೆ ೧೯೨೮ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು.

ಚರ್ಮದಲ್ಲಿರುವ ಕೊಲೆಸ್ಟರಾಲಿನ ಸೋದರವಸ್ತುವೊಂದು ೨೯೦ರಿಂದ ೩೧೫ ನ್ಯಾನೊಮೀಟರಿನ ನೇರಳಾತೀತ ಕಿರಣವನ್ನು ಹೀರಿ ಡಿ ಜೀವಸತ್ವದ ಪೂರ್ವರೂಪವಾಗುತ್ತದೆ. ಆ ಪೂರ್ವರೂಪವು ಜೀವಸತ್ವವಾಗಿ ಮಾರ್ಪಡುವುದು ಶಾಖದಿಂದ. ಮೈ ಬೆಚ್ಚಗಿದ್ದರೆ ಬೇಗ, ತಣ್ಣಗಿದ್ದರೆ ನಿಧಾನ. ಆದುದರಿಂದ ನೇರಳಾತೀತ ದೀಪವನ್ನು ಪೆಟ್ಟಿಗೆಯ ತಣ್ಣನೆಯ ಮೂಲೆಯಲ್ಲಿಯೂ ಶಾಖದೀಪವನ್ನು ಇನ್ನೊಂದು ಮೂಲೆಯಲ್ಲಿಯೂ ಕಟ್ಟುವುದು ಸರಿಯಲ್ಲ. ಬಿಸಿಲಿನಲ್ಲಿ ಎರಡೂ ಒಟ್ಟಿಗೆ ಬರುತ್ತವೆ; ದೀಪಗಳೂ ಒಂದೇ ಜಾಗದ ಮೇಲೆ ಬೀಳಬೇಕು. “ಕಿಟಕಿಯ ಬಳಿ ಇಟ್ಟಿದ್ದೇವೆ, ಬಿಸಿಲು ಬೀಳುತ್ತದೆ” ಎನ್ನುವವರಿಗೆ ಹೇಳಬೇಕಾದುದಿಷ್ಟೆ: ಕಿಟಕಿಯ ಗಾಜು ಶಾಖವನ್ನೂ ಬೆಳಕನ್ನೂ ಒಳಬಿಟ್ಟು, ಬೇಕಾದ ಈ ಕಿರಣವನ್ನೇ ತಡೆಯುತ್ತದೆ. ದೀಪದ ಕೆಳಗೆ ಗಾಜಿನ ಮುಚ್ಚಳವಿಟ್ಟರೂ ಇದೇ ಗತಿ. ತಂತಿಯ ಸಣ್ಣ ಬಲೆಯೂ ಗಣನೀಯವಾದ ಪಾಲನ್ನು ನುಂಗುತ್ತದೆ.

ಈ ಕಿರಣಕ್ಕೆ ಸಾಮಾನ್ಯವಾಗಿ ಬಳಸುವುದು ಪ್ರತಿದೀಪ್ತ ನಳಿಗೆ, ನಮ್ಮ ಟ್ಯೂಬ್‌ಲೈಟಿನ ಜಾತಿಯದು. ಟಿ-೮, ಟಿ-೫ ಎಂಬ ಗುರುತುಗಳು ನಳಿಗೆಯ ವ್ಯಾಸವನ್ನು ಅಂಗುಲದ ಎಂಟನೆಯ ಭಾಗಗಳಲ್ಲಿ ಹೇಳುತ್ತವೆ. ಈಗ ತೆಳುವಾದ ಟಿ-೫ ಹೆಚ್ಚು ಪ್ರಬಲವೆಂದು ಅದನ್ನೇ ಮೆಚ್ಚುತ್ತಾರೆ. ಇಲ್ಲಿಯೂ ಡಬ್ಬಿಯ ಮೇಲಿನ ಶೇಕಡಾ ಸಂಖ್ಯೆಯನ್ನು ನಂಬಿ ಕೂರುವಂತಿಲ್ಲ. ಚಿಪ್ಪಿನ ಎತ್ತರದಲ್ಲಿ ಎಷ್ಟು ಬೀಳುತ್ತದೆಂಬುದೇ ಮುಖ್ಯ. ಹವಾಮಾನ ವರದಿಗಳಲ್ಲಿ ಬರುವ ನೇರಳಾತೀತ ಸೂಚ್ಯಂಕವನ್ನೇ ಅಳೆಯುವ ಕೈಯಳತೆಯ ಮಾಪಕ ದೊರೆಯುತ್ತದೆ. ಮೆಡಿಟರೇನಿಯನ್ ಆಮೆಗಳಿಗೆ ಬಿಸಿಲು ಕಾಯಿಸುವ ಜಾಗದಲ್ಲಿ ಸೂಚ್ಯಂಕ ೩ರಿಂದ ೫ರವರೆಗೆ ಇರುವಂತೆ ಅನುಭವಿಗಳು ನೋಡಿಕೊಳ್ಳುತ್ತಾರೆ. ನಳಿಗೆ ಹಳತಾದಂತೆ ಈ ಕಿರಣ ಮೊದಲು ಕುಂದುತ್ತದೆ. ಬೆಳಕು ಮಾತ್ರ ಹಾಗೆಯೇ ಕಾಣುತ್ತಿರುತ್ತದೆ. ಆದಕಾರಣ ಮಾಪಕವಿಲ್ಲದವರು ಆರು ತಿಂಗಳಿಂದ ಒಂದು ವರ್ಷದೊಳಗೆ ಅದನ್ನು ಬದಲಾಯಿಸುವುದು ವಾಡಿಕೆ.

ಶಾಖ, ಬೆಳಕು, ನೇರಳಾತೀತ ಮೂರನ್ನೂ ಒಂದೇ ಬಲ್ಬಿನಿಂದ ಕೊಡುವ ಪಾದರಸದೀಪವೂ ಉಂಟು. ಒಂದೇ ವಸ್ತು ಕೊಂಡರೆ ಸಾಕೆಂಬುದು ಅದರ ಆಕರ್ಷಣೆ. ಆದರೆ ಶಾಖ ಹೆಚ್ಚಾಯಿತೆಂದು ಅದನ್ನು ಮಂದಮಾಡಲಾಗದು. ಒಮ್ಮೆ ಆರಿದರೆ ತಣಿಯುವವರೆಗೆ ಮತ್ತೆ ಹೊತ್ತದು. ಒಂದನ್ನು ಸರಿಪಡಿಸಲು ಎತ್ತರಿಸಿದರೆ ಇನ್ನೊಂದು ಕೆಡುತ್ತದೆ. ಹ್ಯಾಲೊಜನ್ ದೀಪ, ನೇರಳಾತೀತ ನಳಿಗೆ ಇವೆರಡನ್ನೂ ಬೇರೆಬೇರೆಯಾಗಿ ಕೊಳ್ಳಿರೆಂದೇ ನಾನು ನನ್ನ ವಿದ್ಯಾರ್ಥಿಗೆ ಬರೆದೆ. ಜೊತೆಗೆ ಇನ್ನೆರಡು ಮಾತು ಸೇರಿಸಿದೆ. ದೀಪಗಳೆಲ್ಲ ಪೆಟ್ಟಿಗೆಯ ಒಂದು ತುದಿಯಲ್ಲಿರಲಿ. ಇನ್ನೊಂದು ತುದಿ ೨೦ ಡಿಗ್ರಿಯ ಸುಮಾರಿನಲ್ಲಿ, ಅಡಗಲು ನೆರಳುಳ್ಳದ್ದಾಗಿ ಇರಲಿ. ನೆರಳಿಲ್ಲದ ಪೆಟ್ಟಿಗೆಯಲ್ಲಿ ಎಷ್ಟು ಒಳ್ಳೆಯ ದೀಪವಾದರೂ ಆಮೆಗೆ ಸೆರೆಮನೆಯ ಒಲೆ. ಎರಡನೆಯದು ಬೆಂಕಿಯ ಭಯ. ಹೋಲ್ಡರು ಪಿಂಗಾಣಿಯದಿರಬೇಕು, ಪ್ಲಾಸ್ಟಿಕ್ಕಿನದು ಕರಗುತ್ತದೆ. ದೀಪವನ್ನು ಚಿಮಟದಿಂದ ಕಚ್ಚಿಸಿ ಬಿಡದೆ ಸರಪಳಿಯಿಂದ ತೂಗಬೇಕು. ಹುಲ್ಲಿನ ಮೇಲೆ ಕಳಚಿಬಿದ್ದ ಶಾಖದೀಪ ಆಮೆಯನ್ನು ಮಾತ್ರವಲ್ಲ, ಮನೆಯನ್ನೂ ಸುಡಬಲ್ಲುದು.

ಇದನ್ನೋದಿ ನಮ್ಮ ಊರಿನಲ್ಲಿಯೂ ಒಂದು ಆಮೆಯನ್ನು ಸಾಕೋಣವೆಂದು ಯಾರಿಗಾದರೂ ತೋರಿದರೆ, ಅವರು ಕಾನೂನನ್ನೂ ತಿಳಿದಿರಬೇಕು. ಕೋಲಾರದ ಕಡೆಯ ಕುರುಚಲು ಬಯಲುಗಳಲ್ಲಿಯೂ ದಕ್ಷಿಣ ಭಾರತದ ಇತರ ಒಣನೆಲಗಳಲ್ಲಿಯೂ ಕಾಣುವ ನಕ್ಷತ್ರ ಆಮೆಯನ್ನು ಹಿಡಿಯುವುದು, ಮಾರುವುದು, ಸಾಕುವುದು ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಅಪರಾಧ. ೨೦೨೨ರ ತಿದ್ದುಪಡಿಯಲ್ಲಿ ಅದನ್ನು ಮೊದಲನೆಯ ಅನುಸೂಚಿಗೆ ಸೇರಿಸಲಾಯಿತು. ಅಂತರರಾಷ್ಟ್ರೀಯ ವ್ಯಾಪಾರವನ್ನೂ ೨೦೧೯ರಲ್ಲಿ ಬಿಗಿಯಾಗಿ ನಿಷೇಧಿಸಿದರು. ಆದರೂ ಕಳ್ಳಸಾಗಣೆ ನಿಂತಿಲ್ಲ. ಚಳಿದೇಶದ ಯಾವುದೋ ಕೋಣೆಯಲ್ಲಿ, ತಪ್ಪಾಗಿ ಆರಿಸಿದ ದೀಪದ ಕೆಳಗೆ ನವೆಯುತ್ತಿರುವ ಆಮೆ ನಮ್ಮ ಬಯಲಿನದೇ ಆಗಿರಬಹುದು. ನಮ್ಮ ನೆಲದಲ್ಲಿ ಅದಕ್ಕೆ ದೀಪದ ಹಂಗಿರಲಿಲ್ಲ. ಮೆಡಿಟರೇನಿಯನ್ ಆಮೆಗಳನ್ನು ಕಾಡಿನಿಂದ ಹಿಡಿದು ಬ್ರಿಟನ್ನಿಗೆ ತರುವ ವ್ಯಾಪಾರವೂ ೧೯೮೪ರಲ್ಲಿ ನಿಂತಿತು. ಈಗ ಅಲ್ಲಿ ಮಾರುವ ಹರ್ಮನ್ ಆಮೆ ಸಾಕಿದ ತಾಯಿಗೆ ಹುಟ್ಟಿದುದಾಗಿರಬೇಕು, ಅದರೊಡನೆ ಪ್ರಮಾಣಪತ್ರವೂ ಇರಬೇಕು.

ನಕ್ಷತ್ರ ಆಮೆಗೆ ಚಳಿಗಾಲದ ನಿದ್ರೆಯಿಲ್ಲ. ಆದಕಾರಣ ಅಂಥ ದೇಶಗಳಲ್ಲಿ ಅದಕ್ಕೆ ವರ್ಷವೆಲ್ಲ ದೀಪ ಬೇಕು. ಹರ್ಮನ್ ಆಮೆಗೆ ಹಾಗಲ್ಲ. ಆರೋಗ್ಯವಾಗಿರುವ ಆಮೆಯನ್ನು ಪಶುವೈದ್ಯರಿಗೆ ತೋರಿಸಿ, ಹೊಟ್ಟೆ ಬರಿದಾಗುವಂತೆ ಕೆಲವು ವಾರ ಆಹಾರವನ್ನು ನಿಲ್ಲಿಸಿ, ದೀಪದ ಹೊತ್ತನ್ನೂ ಕ್ರಮವಾಗಿ ಇಳಿಸಿ, ಕಡೆಗೆ ೫ ಡಿಗ್ರಿಯ ಸುಮಾರಿನ ತಣ್ಣನೆಯ ಕತ್ತಲೆಯಲ್ಲಿ ಮಲಗಿಸುತ್ತಾರೆ. ಸೊನ್ನೆಗಿಂತ ಇಳಿದರೆ ಕಣ್ಣು ಹೋಗುವ ಭಯ. ಹತ್ತಕ್ಕೆ ಮೀರಿದರೆ ಎಚ್ಚರಗೊಂಡು ಕೂಡಿಟ್ಟ ಕೊಬ್ಬನ್ನೆಲ್ಲ ಕರಗಿಸಿಕೊಳ್ಳುತ್ತದೆ. ಅಷ್ಟು ವಾರಗಳ ಕಾಲ ಶಾಖದೀಪಕ್ಕೂ ಬಿಡುವು. ಆಗ ಅದರ ಗಾಜನ್ನು ಒರೆಸಿ, ಹೋಲ್ಡರಿನ ತಂತಿಗಳನ್ನು ನೋಡಿ, ನೇರಳಾತೀತ ನಳಿಗೆಯ ಮೇಲೆ ಕೊಂಡ ತಾರೀಖನ್ನು ಬರೆದಿದ್ದರೆ ಓದಿಕೊಳ್ಳಬಹುದು.